ಬಂಡೆಪ್ಪ ಕೊಟ್ಟ ಆನೆ

ಜೋಗೇಶ್ವರಿಯ ಸ್ಪ್ರಿಂಗ್ ಕಾರ್ಖಾನೆಯಲ್ಲಿ ಬಂಡೆಪ್ಪನನ್ನು ಜನ ಎರಡು ವಿಷಯಕ್ಕೆ ಬಲ್ಲರು. ಒಂದು, ಅವನ ಬಲಗೈಯ ತೋರುಬೆರಳಿಗೆ ತುದಿ ಇರಲಿಲ್ಲ. ಯಂತ್ರದಿಂದ ಸಿಡಿದ ತಂತಿ ಅದನ್ನು ಒಯ್ದಿತ್ತು. ಎರಡು, ಆ ಮೊಂಡು ಬೆರಳಿನಿಂದ ಅವನು ಚದುರಂಗದ ಕಾಯಿ ತಳ್ಳಿದರೆ ಎದುರಿಗೆ ಕೂತವನ ಬೀಡಿ ಕೈಯಲ್ಲೇ ಆರಿಹೋಗುತ್ತಿತ್ತು.

ವಿಜಾಪುರದ ಇಂಡಿ ಕಡೆಯವನು. ಅರವತ್ತೆಂಟನೆಯ ಇಸವಿಯಲ್ಲಿ ಹೆಂಡತಿ ಗುರುಬಾಯಿಯನ್ನು ಕರೆದುಕೊಂಡು ಮುಂಬಯಿಗೆ ಬಂದ. ಮೊದಲೆರಡು ವರ್ಷ ರಸ್ತೆ ಅಗೆದ, ಪೈಪು ಹೊತ್ತ. ಆಮೇಲೆ ಕಾರ್ಖಾನೆಯಲ್ಲಿ ಹೆಲ್ಪರ್, ಆಮೇಲೆ ತಂತಿ ಸುತ್ತುವ ಯಂತ್ರಕ್ಕೆ ಆಳು. ಓದು ನಾಲ್ಕನೆಯ ಇಯತ್ತೆ. ಆಟ ಕಲಿತದ್ದು ಸೋದರಮಾವನಿಂದ, ಚಪ್ಪಡಿಯ ಮೇಲೆ ಇದ್ದಿಲಿನಲ್ಲಿ ಗೀಚಿದ ಮನೆಗಳಲ್ಲಿ. ಆ ಕಡೆಯ ಆಟಕ್ಕೆ ಒಂದು ಕಾಯ್ದೆಯಿತ್ತು: ಒಮ್ಮೆಯೂ ಶಹ, ಅಂದರೆ ಎದುರಾಳಿಯ ನೇರ ಏಟು, ಬೀಳದ ರಾಜ ಇಡೀ ಆಟದಲ್ಲಿ ಒಂದೇ ಒಂದು ಸಲ ಕುದುರೆಯ ಹಾಗೆ ಜಿಗಿಯಬಹುದು. ಒಂದು ಶಹ ಬಿತ್ತೋ, ಹಕ್ಕು ಹೋಯಿತು. ಮತ್ತೆ ಒಂದೊಂದೇ ಮನೆ ತೆವಳಬೇಕು. ಅದಕ್ಕೇ ಆ ಕಡೆಯ ಪಳಗಿದ ಆಟಗಾರ ರಾಜನನ್ನು ಕೊಲ್ಲಲು ಹೊರಟರೆ ಮೊದಲು ಯಾವುದಾದರೂ ಕಾಯಿ ಬಲಿಕೊಟ್ಟಾದರೂ ಒಂದು ಶಹ ಕೊಡುತ್ತಾನೆ. ಕಾಲು ಕಟ್ಟಿ ಆಮೇಲೆ ಕತ್ತಿ ಎತ್ತುವುದು.

ಎಪ್ಪತ್ನಾಲ್ಕರಲ್ಲಿ ಕಾರ್ಖಾನೆಯ ನೂರ ನಲವತ್ತು ಜನ ಯೂನಿಯನ್ ಕಟ್ಟಿದರು. ಸೆಕ್ರೆಟರಿ ಸಾಯಬಣ್ಣ. ಮೂವತ್ತರ ಪ್ರಾಯ, ಬಂಡೆಪ್ಪನ ಊರಿಗೆ ಹತ್ತು ಮೈಲಿಯವನು, ಒದರಿದರೆ ಗೇಟಿನ ಕಬ್ಬಿಣ ಗುಂಯ್ಗುಟ್ಟುವ ಗಂಟಲು. ಮರುವರ್ಷ ಎಮರ್ಜನ್ಸಿ ಬಂತು. ಮುಷ್ಕರ ಅಂದರೆ ಜೈಲು. ಜೀಪು ಗೇಟಿಗೆ ಬಂದ ದಿನ ಸಾಯಬಣ್ಣ ಹಿಂದಿನ ಗೋಡೆ ಹಾರಿದ. ಪಕ್ಕದ ಕಾರ್ಖಾನೆಯವನೊಬ್ಬ ಹಾರಲಿಲ್ಲ, ಅವನನ್ನು ಒಯ್ದರು. ಮೂರು ತಿಂಗಳ ಮೇಲೆ ಅವನು ತಿರುಗಿ ಬಂದಾಗ ಗೋಡೆ ಹಿಡಿದು ನಡೆಯುತ್ತಿದ್ದ. ಯಾಕೆ ಹಾಗೆ ನಡೀತಿ ಎಂದು ಕೇಳಿದರೆ ಅಂಗಾಲು ಮುಚ್ಚಿಕೊಂಡು ಅಳುತ್ತಿದ್ದ. ಸಾಯಬಣ್ಣನಿಗೆ ಇದಕ್ಕಿಂತ ಕಡಿಮೆ ಆಗುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು.

ಬೈಕುಲ್ಲಾದಲ್ಲಿ ತಗಡಿನ ಟ್ರಂಕು ಮಾಡುವ ಶೆಡ್ಡೊಂದರ ಅಟ್ಟದ ಮೇಲೆ ಅವನನ್ನು ಇಟ್ಟರು. ದಿನವಿಡೀ ಕೆಳಗೆ ಸುತ್ತಿಗೆಯ ಸದ್ದು, ಮೇಲೆ ಏನು ಮಾತಾಡಿದರೂ ಹೊರಗೆ ಕೇಳದು. ಜಾಗ ಗೊತ್ತಿದ್ದವರು ಇಬ್ಬರು: ಕುಲುಮೆಯ ಚಂದ್ರಾಮ, ಮತ್ತು ಬಂಡೆಪ್ಪ. ವಾರಕ್ಕೆ ಎರಡು ಸಲ ಗುರುಬಾಯಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಡಬ್ಬಿಗೆ ತುಂಬುತ್ತಿದ್ದಳು, ಬಂಡೆಪ್ಪ ಒಯ್ಯುತ್ತಿದ್ದ.

ಆ ಅಕ್ಟೋಬರಿನಲ್ಲಿ ಅವನು ರಜೆ ಚೀಟಿಗೆ ಸಹಿ ಹಾಕಿಸಲು ಲೇಬರ್ ಆಫೀಸರರ ಕ್ಯಾಬಿನ್ನಿಗೆ ಹೋದ. ಕ್ಯಾಬಿನ್ನು ಯಂತ್ರಗಳ ಶಾಪಿನ ನಟ್ಟನಡುವೆ, ಮೂರು ಮೆಟ್ಟಿಲು ಎತ್ತರದಲ್ಲಿ, ನಾಲ್ಕೂ ಕಡೆ ಗಾಜು. ಒಳಗಿದ್ದವನಿಗೆ ಎಲ್ಲರೂ ಕಾಣುತ್ತಾರೆ, ಎಲ್ಲರಿಗೂ ಒಳಗಿದ್ದವನು ಕಾಣುತ್ತಾನೆ. ಆಫೀಸರು ಗಲಗಲಿ, ಧಾರವಾಡದಲ್ಲಿ ಓದಿದ ವಿಜಾಪುರದ ಮನುಷ್ಯ. ಇಸ್ತ್ರಿ ಮಾಡಿದ ಅರ್ಧತೋಳಿನ ಅಂಗಿ, ತಣ್ಣನೆ ದನಿ. ಬೈದದ್ದನ್ನು ಯಾರೂ ಕೇಳಿರಲಿಲ್ಲ. ಮೇಜಿನ ಮೇಲೆ ಚದುರಂಗದ ಹಲಗೆ, ಪಕ್ಕದಲ್ಲಿ ಭಾನುವಾರದ ಇಂಗ್ಲಿಷ್ ಪತ್ರಿಕೆಯಿಂದ ಕತ್ತರಿಸಿದ ಒಗಟಿನ ಚಿತ್ರ.

"ಏನೋ, ಏನು ನೋಡ್ಲಿಕತ್ತಿ? ಬರತದೇನು ನಿನಗ?"

"ಸ್ವಲ್ಪ ಬರ್ತೈತ್ರಿ ಸಾಹೇಬ್ರ."

"ಬಿಳೀ ಕಾಯಿ ಆಡಬೇಕು. ಮೂರು ನಡಿಗಿ ಮಾತ್. ನಾಕು ದಿವಸ ಆತು, ಗುದ್ದಾಡ್ಲಿಕತ್ತೀನಿ. ಮಂತ್ರೀನ ಮುಂದ ತಂದ್ರ ರಾಜ ಜಾರಿಕೋತಾನ."

"ಮಂತ್ರಿ ಆಮ್ಯಾಲ್ರಿ. ಮದಲ ಕುದರಿ ಕೊಟ್ಟು ಶಹ ಅನ್ರಿ. ಇಲ್ಲಾಂದ್ರ ಅಂವ ಜಿಗೀತಾನ."

"ಜಿಗೀತಾನ?" ಗಲಗಲಿ ಕನ್ನಡಕ ತೆಗೆದು ಒರೆಸಿದ. "ಅದು ನಿಮ್ಮ ಹೊಲದ ಬದುವಿನ ಆಟೋ ಮಾರಾಯ. ಪುಸ್ತಕದ ಆಟದಾಗ ರಾಜ ಜಿಗಿಯೂದಿಲ್ಲ." ಆದರೂ ಕುದುರೆ ಕೊಟ್ಟು ನೋಡಿದ. ಮೂರನೆಯ ನಡೆಗೆ ರಾಜನಿಗೆ ದಾರಿಯಿಲ್ಲದೆ ಮಾತ್ ಆಯಿತು. ಬಹಳ ಹೊತ್ತು ಹಲಗೆ ನೋಡಿ, ಆಮೇಲೆ ಬಂಡೆಪ್ಪನನ್ನು ನೋಡಿದ. "ಶನಿವಾರ ಅರ್ಧ ದಿನ ಅದ ಅಲ್ಲಾ? ಸುಟ್ಟಿ ಭೋಂಗಾ ಕೂಗಿದಮ್ಯಾಲ ಬಾ."

ಬಂಡೆಪ್ಪ ಇದನ್ನು ಸಾಯಬಣ್ಣನಿಂದ ಮುಚ್ಚಿಡಲಿಲ್ಲ. ಅಟ್ಟದ ಮೇಲೆ ಡಬ್ಬಿ ಬಿಚ್ಚುತ್ತ ಹೇಳಿದ. ಸಾಯಬಣ್ಣ ನಕ್ಕ. "ಹೋಗು ಅಣ್ಣಾ. ಏನರ ಕೇಳೇ ಕೇಳ್ತಾನ. ಏನ್ ಕೇಳ್ತಾನ ಅನ್ನೂದು ನನಗ ತಂದು ಹೇಳು."

ಹೋದ. ಗಲಗಲಿ ಏನೂ ಕೇಳಲಿಲ್ಲ. ಮುಂದಿನ ಶನಿವಾರವೂ ಕೇಳಲಿಲ್ಲ. ಕಪ್ಪು-ಬಸಿಯಲ್ಲಿ ಚಹಾ ಬರುತ್ತಿತ್ತು, ಕುರ್ಚಿ ಕೊಡುತ್ತಿದ್ದ, ಒಗಟು ಬಿಡಿಸುತ್ತಿದ್ದರು. ಸಾಯಬಣ್ಣ ಎಲ್ಲಿ, ಯೂನಿಯನ್ ಏನು ಮಾಡುತ್ತಿದೆ, ಒಂದು ಸೊಲ್ಲಿಲ್ಲ. ಕೇಳಿದರೆ ಕೊಡಲು ಬಂಡೆಪ್ಪ ಹತ್ತು ಸುಳ್ಳು ಕಟ್ಟಿಟ್ಟುಕೊಂಡಿದ್ದ. ಅವು ಹಾಗೇ ಹಳಸಿದವು. ನಿಜ ಹೇಳಬೇಕೆಂದರೆ ಸಾಯಬಣ್ಣ ಬೇಡವೆಂದಿದ್ದರೂ ಅವನು ಹೋಗುತ್ತಿದ್ದ. ತಲೆಯನ್ನು ಯಂತ್ರ ತಿಂದುಬಿಡುವ ವಾರದಲ್ಲಿ ಆ ಅರ್ಧ ಗಂಟೆ ಮಾತ್ರ ಅವನ ತಲೆ ಅವನದಾಗಿರುತ್ತಿತ್ತು. ಹುಚ್ಚು ಹಿಡಿದಿತ್ತು, ಅಷ್ಟೆ.

ಕೈ ತೊಳೆದು ಹೊರಡುವ ನೂರ ನಲವತ್ತು ಜನ ಗಾಜಿನೊಳಗೆ ನೋಡುತ್ತ ಹೋಗುತ್ತಿದ್ದರು.

ಮೊದಲು ತಮಾಷೆ. "ಏನಪಾ ಬಂಡೆಪ್ಪಾ, ಸಾಹೇಬ್ರ ಚಾದಾಗ ಸಕ್ಕರಿ ಎಷ್ಟ್ ಚಮಚಾ?" "ಚಮಚಾ ಯಾಕ್ ಬೇಕಲೇ, ಇವನ ಅದಾನಲ್ಲ!" ಡಿಸೆಂಬರಿನ ಹೊತ್ತಿಗೆ ನಗುವುದನ್ನು ಬಿಟ್ಟರು. ಒಂದು ಬೆಳಿಗ್ಗೆ ಅವನ ಯಂತ್ರದ ಮೇಲೆ ಸುಣ್ಣದ ಕಡ್ಡಿಯಲ್ಲಿ ಯಾರೋ ಕಪ್ಪು-ಬಸಿಯ ಚಿತ್ರ ಬರೆದಿದ್ದರು. ಒರೆಸಿದ. ಮರುದಿನ ಅದನ್ನೇ ಎಣ್ಣೆ ಬಣ್ಣದಲ್ಲಿ ಬರೆದಿದ್ದರು.

ಜನವರಿಯಲ್ಲಿ ಶೆಟ್ಟೆಪ್ಪ ಬಂಡೆಪ್ಪನ ಚಾಳಿನ ಮನೆಗೆ ಬಂದ. ಯೂನಿಯನ್ನಿನ ಕಮಿಟಿಯವನು, ಪ್ಯಾಕಿಂಗಿನಲ್ಲಿ ಕೆಲಸ, ಬೆಣ್ಣೆಯಂಥ ಮಾತು. ಹೊಸ್ತಿಲಲ್ಲೇ ಕೂತ.

"ಅಣ್ಣಾ, ಯಾರ್ಯಾರೋ ಏನೇನೋ ಅಂತಾರ. ನಾ ನಂಬೂದಿಲ್ಲ ಬಿಡು. ಆದ್ರೂ ಮಂದಿ ಬಾಯಿ ಅದು. ಕಮಿಟಿ ಹೇಳೇತಿ, ನಾಕ್ ದಿನ ಡಬ್ಬಿ ನಾ ಒಯ್ತೀನಿ."

"ಜಾಗಾ?"

"ಚಂದ್ರಾಮ ತೋರ್ಸಾಂವ ಅದಾನ."

ಗುರುಬಾಯಿ ಒಲೆಯ ಮುಂದಿಂದ ಎದ್ದು ಬಂದಳು. "ರೊಟ್ಟಿ ನಾ ಬಡದದ್ದು ನಡೀತೈತಿ, ಒಯ್ಯೂದಕ ಇವರು ನಡಿಯೂದಿಲ್ಲೇನೋ ಶೆಟ್ಟೆಪ್ಪಾ?"

"ವೈನೀ, ನನಗ್ಯಾಕ ಬೈತೀ? ನಾ ಆಳಮಗ." ಡಬ್ಬಿ ಎತ್ತಿಕೊಂಡು ಹೋದ.

ಜಾಗವನ್ನೇ ಬದಲಿಸೋಣ ಎಂದು ಚಂದ್ರಾಮ ಅಂದನಂತೆ. ಹೊಸ ಜಾಗಕ್ಕೆ ಹೊಸ ಕಣ್ಣು ಬೀಳುತ್ತವೆ, ಇದ್ದಲ್ಲೇ ಇರಲಿ ಎಂದು ಶೆಟ್ಟೆಪ್ಪ ಅಂದನಂತೆ. ಬಂಡೆಪ್ಪನ ಚರ್ಮ ಸುಲಿದರೂ ಬಾಯಿ ಬಿಡುವವನಲ್ಲ ಎಂದು ಸಾಯಬಣ್ಣ ಅಂದನಂತೆ. ಇದೆಲ್ಲ ಬಂಡೆಪ್ಪನ ಕಿವಿಗೆ ಮೂರನೆಯವರಿಂದ ಬಂತು. ಕೊನೆಯ ಮಾತು ಕೇಳಿ ಅವನಿಗೆ ಒಂದು ಹೊತ್ತಿನ ಊಟ ರುಚಿಯಾಯಿತು.

ಫೆಬ್ರವರಿಯ ಎರಡನೆಯ ಶನಿವಾರ. ಭೋಂಗಾ ಆಗಿತ್ತು. ಗಲಗಲಿ ಹಲಗೆ ಸಿದ್ಧಮಾಡಿಟ್ಟು ಕಾಯುತ್ತಿದ್ದ. ಅವತ್ತು ಅವನ ಮುಖದಲ್ಲಿ ಹಬ್ಬದ ಕಳೆ.

ಕರಿಯ ರಾಜ ಕೋಟೆಯೊಳಗೆ ಕ್ಷೇಮವಾಗಿ ಕೂತಿದ್ದ. ಒಂದು ಮಗ್ಗುಲಿಗೆ ಅವನದೇ ಆನೆ, ಮುಂದೆ ಅವನದೇ ಪ್ಯಾದೆ. ಬಿಳಿಯ ಕಡೆ ಅಂಚಿನ ಗೆರೆಯಲ್ಲಿ ಒಂದು ಆನೆ, ಬಹಳ ಹಿಂದೆ ಮಂತ್ರಿ, ಮತ್ತೆ ಕರಿಯ ಪ್ಯಾದೆಯ ಮೂಗಿಗೆ ಮೂಗು ಹಚ್ಚಿ ನಿಂತ ಒಂದು ಬಿಳಿಯ ಪ್ಯಾದೆ. ಅದು ಏನೂ ಮಾಡುತ್ತಿರಲಿಲ್ಲ. ಸುಮ್ಮನೆ ನಿಂತಿತ್ತು.

ಬಂಡೆಪ್ಪ ಮಂತ್ರಿಯನ್ನು ನೋಡಿದ. ದಾರಿ ದೂರ, ಅದು ಅಂಚಿನ ಗೆರೆಗೆ ಬರುವಷ್ಟರಲ್ಲಿ ಕರಿಯ ಆನೆ ಸರಿದು ರಾಜನಿಗೆ ಬಾಗಿಲು ಬಿಡುತ್ತದೆ. ಬಿಡುವು ಕೊಡಬಾರದು. ಪ್ರತಿ ನಡೆಯೂ ಶಹ ಆಗಬೇಕು. ಚಹಾ ಆರಿತು. ಆಮೇಲೆ ಅವನ ಮೊಂಡು ಬೆರಳು ಬಿಳಿಯ ಆನೆಯ ನೆತ್ತಿಗೆ ಹೋಯಿತು. ಅದನ್ನು ಅಂಚಿನುದ್ದಕ್ಕೂ ತಳ್ಳಿಕೊಂಡು ಹೋಗಿ ಮೂಲೆಯ ಮನೆಯಲ್ಲಿ, ರಾಜನ ಮೈಗೆ ಹತ್ತಿಸಿ ನಿಲ್ಲಿಸಿದ. ಕಾವಲಿಲ್ಲ, ಏನಿಲ್ಲ. ಕೊಟ್ಟಂತೆಯೇ.

"ಶಹ."

"ತಿಂದೆ," ಎಂದ ಗಲಗಲಿ.

"ತಿನ್ನದ ಗತಿ ಇಲ್ರಿ. ಬ್ಯಾರೆ ಮನಿಗೆಲ್ಲ ಪ್ಯಾದಿ ಕಾವಲೈತಿ." ರಾಜ ಮೂಲೆಗೆ ಬಂದ. ಈಗ ಅಂಚಿನ ಗೆರೆ ಬಟ್ಟಂಬಯಲು. ಮಂತ್ರಿ ಒಂದೇ ಓಟಕ್ಕೆ ಅಲ್ಲಿ ಇಳಿಯಿತು. ಮತ್ತೆ ಶಹ. ರಾಜ ಹಳೆಯ ಮನೆಗೆ ತಿರುಗಿದ. ಮಂತ್ರಿ ಓರೆಯಲ್ಲಿ ಅವನ ಮೈಗೆ ಹತ್ತಿ ನಿಂತಿತು. ಹೊಡೆಯಲು ಬರುವುದಿಲ್ಲ, ಪ್ಯಾದೆಯ ಕಾವಲು. ಓಡಲು ಬರುವುದಿಲ್ಲ, ಒಂದು ಮಗ್ಗುಲಿಗೆ ಅವನ ಆನೆಯೇ ಅಡ್ಡ, ಇನ್ನೊಂದು ಮಗ್ಗುಲಿಗೆ ಮಂತ್ರಿಯ ಕಣ್ಣು.

"ಮಾತ್," ಎಂದ ಬಂಡೆಪ್ಪ.

ಗಲಗಲಿ ಮೆಚ್ಚಿ ತಲೆಯಾಡಿಸಿದ. ಮೆಚ್ಚುಗೆಯಲ್ಲಿ ಅವನ ನಾಲಿಗೆ ಸಡಿಲವಾಯಿತು. "ಮಜಾ ಏನು ಗೊತ್ತದೇನು? ಎಲ್ಲಾರೂ ಆನೀ ನೋಡಕೋತ ಕೂಡ್ತಾರ. ಹೋತಲ್ಲಾ, ಕೊಟ್ಟನಲ್ಲಾ ಅಂತ. ಖರೇ ಕೆಲಸಾ ಮಾಡೂದು ಬಾಗಿಲದಾಗ ನಿಂತ ಆ ಪ್ಯಾದಿ. ಅದನ್ನ ಯಾರೂ ನೋಡೂದಿಲ್ಲ."

ಫೋನು ಗಣಗಣಿಸಿತು. ಗಲಗಲಿ ಎತ್ತಿ ಮರಾಠಿಯಲ್ಲಿ ಮೂರೇ ಮಾತು ಆಡಿದ. "ಹೋ. ಸಾಡೇಚಾರ್. ಬರಂ." ನಾಲ್ಕೂವರೆ, ಆಯಿತು ಎಂದು. ಫೋನು ಇಟ್ಟ. "ಬರೂ ಶನಿವಾರ ಒಗಟ ಇರೂದಿಲ್ಲ ಬಂಡೆಪ್ಪ. ಇವತ್ತಿಗಿ ಮುಗೀತು."

ಬಂಡೆಪ್ಪ ತಲೆಯೆತ್ತಿದ. ಗಾಜಿನ ಆಚೆ ಜನ ಹೋಗುತ್ತಿದ್ದರು. ಒಬ್ಬೊಬ್ಬನೂ ಒಳಗೆ ಕೆಕ್ಕರಿಸಿ ನೋಡಿ, ಕೆಲವರು ಉಗುಳಿ, ಹೋಗುತ್ತಿದ್ದರು. ಶೆಟ್ಟೆಪ್ಪನೂ ಹೋದ. ಅವನೊಬ್ಬ ಮಾತ್ರ ಈ ಕಡೆ ನೋಡಲಿಲ್ಲ.

ನಾಲ್ಕು ತಿಂಗಳು ಗಲಗಲಿ ಒಂದೂ ಪ್ರಶ್ನೆ ಕೇಳಲಿಲ್ಲ. ಕೇಳಬೇಕಾಗಿಯೇ ಇರಲಿಲ್ಲ. ಇವನಿಗೆ ಬೇಕಾದದ್ದು ಬಂಡೆಪ್ಪನ ಬಾಯಲ್ಲ. ಬಂಡೆಪ್ಪ ಕುರ್ಚಿಯಲ್ಲಿ ಕೂತದ್ದು ನೂರ ನಲವತ್ತು ಜನರಿಗೆ ಕಾಣಬೇಕು, ಅಷ್ಟೆ. ಕಂಡಿತು. ಡಬ್ಬಿ ಬಂಡೆಪ್ಪನ ಕೈಯಿಂದ ಹೋಯಿತು. ಯಾರ ಕೈಗೆ ಹೋಯಿತು?

"ಹೊಟ್ಟಿ ಬ್ಯಾನಿ ರೀ," ಎಂದು ಎದ್ದ.

"ಹೋಗು, ಹೋಗು," ಎಂದ ಗಲಗಲಿ ಕಾಯಿಗಳನ್ನು ಪೆಟ್ಟಿಗೆಗೆ ತುಂಬುತ್ತ. "ಇನ್ನ ಅವಸರ ಏನೂ ಇಲ್ಲ."

ಎರಡು ದಾಟಿತ್ತು. ಜೋಗೇಶ್ವರಿಯಲ್ಲಿ ಲೋಕಲ್ ತಪ್ಪಿತು. ಮುಂದಿನದಕ್ಕೆ ಇಪ್ಪತ್ತು ನಿಮಿಷ. ಬೋಗಿಯ ಬಾಗಿಲಲ್ಲಿ ನೇತುಬಿದ್ದು ಬಂಡೆಪ್ಪ ಲೆಕ್ಕ ಹಾಕಿದ. ಇನ್ನೂ ಶಹ ಬಿದ್ದಿಲ್ಲ. ಶಹ ಬೀಳುವುದು ನಾಲ್ಕೂವರೆಗೆ. ಅಷ್ಟರೊಳಗೆ ಸಾಯಬಣ್ಣ ಒಂದು ಸಲ ಜಿಗಿಯಬಹುದು. ಆದರೆ ಜಿಗಿ ಎಂದು ಹೇಳುವವನು ಯಾರು? ನಾಲ್ಕು ತಿಂಗಳು ಕಪ್ಪು-ಬಸಿಯಲ್ಲಿ ಕುಡಿದವನು. ಶೆಟ್ಟೆಪ್ಪ ಮನೆಮುರುಕ ಎಂದರೆ ಶೆಟ್ಟೆಪ್ಪ ಅಳುತ್ತಾನೆ, ತಾಯಾಣೆ ಇಡುತ್ತಾನೆ. ಚಂದ್ರಾಮ ಅವನ ಕಡೆ ನಿಲ್ಲುತ್ತಾನೆ. ಸಾಯಬಣ್ಣ ಇಬ್ಬರ ಮಾತನ್ನೂ ಕೂತು ಕೇಳುತ್ತಾನೆ. ಕೇಳುವವನೇ ಅವನು, ಅದೇ ಅವನ ಹುಟ್ಟುಗುಣ. ಕೇಳುತ್ತಿರುವಾಗಲೇ ಜೀಪು ಬರುತ್ತದೆ.

ದಾದರಿನಲ್ಲಿ ಇಳಿದು, ಸೆಂಟ್ರಲ್ ಲೈನಿಗೆ ಹೋಗುವ ಸೇತುವೆಯ ನಡುವೆ ಅವನು ನಿಂತುಬಿಟ್ಟ. ಜನ ಬೈದು ತಳ್ಳಿಕೊಂಡು ಹೋದರು. ಮಾತಿಗೆ ಮಾತು ಬೆಳೆಸುವಂಥದ್ದು ಹೇಳಬಾರದು. ಬಿಡುವು ಕೊಡಬಾರದು. ಕೇಳಿದ ತಕ್ಷಣ ಓಡದೆ ಗತಿಯಿಲ್ಲದಂಥದ್ದು ಹೇಳಬೇಕು. ಅಂಥ ಮಾತು ಅವನ ಹತ್ತಿರ ಒಂದೇ ಇತ್ತು. ಅದನ್ನು ಎಲ್ಲರೂ ಆಗಲೇ ಅರ್ಧ ನಂಬಿದ್ದರು.

ಟ್ರಂಕಿನ ಶೆಡ್ಡಿಗೆ ಮುಟ್ಟಿದಾಗ ನಾಲ್ಕಕ್ಕೆ ಹತ್ತು ಕಮ್ಮಿ. ಏಣಿ ಹತ್ತಿದ. ಅಟ್ಟದ ಮೇಲೆ ಮೂವರೂ ಇದ್ದರು. ಸಾಯಬಣ್ಣ ಕರಪತ್ರ ಬರೆಯುತ್ತಿದ್ದ, ಗಡ್ಡ ಬಿಟ್ಟಿದ್ದ. ಚಂದ್ರಾಮ ಗೋಡೆಗೆ ಒರಗಿದ್ದ. ಶೆಟ್ಟೆಪ್ಪ ರೊಟ್ಟಿ ಮುರಿಯುತ್ತಿದ್ದ.

"ಬಾ ಅಣ್ಣಾ," ಎಂದ ಶೆಟ್ಟೆಪ್ಪನೇ ಮೊದಲು. "ಕುಂದರು. ವೈನಿ ರೊಟ್ಟಿ ಐತಿ, ತಿನ್ನು."

ಬಂಡೆಪ್ಪ ಕೂರಲಿಲ್ಲ. "ಸಾಯಬಣ್ಣಾ, ನಾ ಹೇಳೀನಿ."

"ಏನ್ ಹೇಳೀದಿ?"

"ನೀ ಇಲ್ಲಿ ಇದ್ದೀ ಅಂತ. ಗಲಗಲಿಗಿ. ಈಗ ಬರ್ತಾರ, ನಾಕೂವರಿಗಿ. ಜೀಪ್ ತಗೊಂಡು. ಓಡು."

ಸಾಯಬಣ್ಣನ ಕೈಯಲ್ಲಿ ಪೆನ್ನು ಹಾಗೇ ಇತ್ತು. "ಅಣ್ಣಾ, ಚ್ಯಾಷ್ಟಿ ಮಾಡಬ್ಯಾಡ."

"ಆಳುಗಳ ಮ್ಯಾಲ ಮುಕದಮ್ ಮಾಡ್ತೀನಿ ಅಂದ. ಹೇಳಿದೆ. ಆಮ್ಯಾಲ ತಡಕೊಳ್ಳಾಕ ಆಗ್ಲಿಲ್ಲ, ಬಂದೆ. ಏನ್ ಮಾರಿ ನೋಡ್ತೀಯೋ, ಓಡಲೇ!"

ಶೆಟ್ಟೆಪ್ಪನ ಬಾಯಿಯಲ್ಲಿ ರೊಟ್ಟಿ ನಿಂತಿತು. ಅವನೊಬ್ಬನಿಗೆ ಇದು ಸುಳ್ಳೆಂದು ಗೊತ್ತಿತ್ತು. ಹೇಳಲು ಬರುವಂತಿರಲಿಲ್ಲ.

ಚಂದ್ರಾಮ ಕುಲುಮೆಯ ಕೈಯವನು. ಅವನ ಮೊದಲ ಏಟಿಗೆ ಬಂಡೆಪ್ಪನ ಎರಡು ಹಲ್ಲು ಹೋದವು. ಸಾಯಬಣ್ಣ ಎದ್ದ. ಹತ್ತಿರ ಬಂದು ಬಂಡೆಪ್ಪನ ಮುಖಕ್ಕೆ ಉಗುಳಿದ. ಅಷ್ಟೇ ಹೊತ್ತು. ಕಾಗದ ಬಾಚಿ ಅಂಗಿಯೊಳಗೆ ತುರುಕಿಕೊಂಡು ಹಿಂದಿನ ಕಿಟಕಿಯಿಂದ ತಗಡಿನ ಮಾಡುಗಳ ಮೇಲೆ ಇಳಿದ.

ಶೆಟ್ಟೆಪ್ಪ ಬಂಡೆಪ್ಪನ ಮೇಲೆ ಕೈ ಮಾಡಲಿಲ್ಲ. ಕಿಟಕಿಗೆ ಓಡಿ ಕತ್ತು ಹೊರಗೆ ಚಾಚಿದ. "ಸಾಯಬಣ್ಣಾ! ಎಲ್ಲಿಗಿ ಹೊಂಟಿ? ಎಲ್ಲಿ ಸಿಗತಿ, ಅದಾರ ಹೇಳು!" ಉತ್ತರ ಬರದಾಗ ತಾನೂ ಒಂದು ಕಾಲು ಹೊರಗಿಟ್ಟ. ನೆಲದ ಮೇಲೆ ಬಿದ್ದಿದ್ದ ಬಂಡೆಪ್ಪ ಅವನ ಇನ್ನೊಂದು ಕಾಲನ್ನು ಎರಡೂ ಕೈಯಿಂದ ಅಪ್ಪಿಕೊಂಡ. ಚಂದ್ರಾಮ ಬೆನ್ನಿಗೆ ಒದ್ದ, ಪಕ್ಕೆಗೆ ಒದ್ದ. ಬಂಡೆಪ್ಪ ಬಿಡಲಿಲ್ಲ. ಕೆಳಗೆ ಸುತ್ತಿಗೆಗಳು ಬಡಿಯುತ್ತಲೇ ಇದ್ದವು.

ನಾಲ್ಕೂವರೆಗೆ ಸರಿಯಾಗಿ ಆ ಸುತ್ತಿಗೆಗಳು ಒಂದೊಂದಾಗಿ ನಿಂತವು. ಏಣಿಯ ಮೇಲೆ ಬೂಟಿನ ಸದ್ದು.

ಚಂದ್ರಾಮನನ್ನು, ವಿಚಾರಣೆಯಿಲ್ಲದೆ ಒಳಗಿಡುವ ಮೀಸಾ ಕಾಯ್ದೆ ಹಾಕಿ, ಠಾಣೆ ಊರಿನ ಜೈಲಿಗೆ ಕಳಿಸಿದರು. ಶೆಟ್ಟೆಪ್ಪ ಹದಿನೈದು ದಿನಕ್ಕೆ ಹೊರಬಂದ, ತಲೆಗೆ ಪಟ್ಟಿ ಸುತ್ತಿಕೊಂಡು. ಜನ ಅವನನ್ನು ಮನೆಯವರೆಗೆ ಮುಟ್ಟಿಸಿ ಬಂದರು. ಬಂಡೆಪ್ಪನನ್ನು ಮರುದಿನವೇ ಬಿಟ್ಟರು. ಜನರಿಗೆ ಅಷ್ಟು ಸಾಕಾಯಿತು. ಸಾಲದೆ, ಸೋಮವಾರ ನೋಟೀಸ್ ಬೋರ್ಡಿನಲ್ಲಿ ಕಾಗದ ಹಚ್ಚಿದ್ದರು: ಬಂಡೆಪ್ಪ, ವೈಂಡಿಂಗ್ ವಿಭಾಗ, ಇಂದಿನಿಂದ ಮುಕದಮ್. ಅಟ್ಟದ ಮೇಲೆ ಅವನೇ ಕಟ್ಟಿದ ಸುಳ್ಳು ಅದು. ಮೇಲಿದ್ದ ಮೂವರಲ್ಲಿ ಗಲಗಲಿಗೆ ಅದನ್ನು ಮುಟ್ಟಿಸಿದವನು ಯಾರೆಂದು ಬಂಡೆಪ್ಪ ಯಾರನ್ನೂ ಕೇಳಬೇಕಾಗಿರಲಿಲ್ಲ. ಬೋರ್ಡಿನ ಮುಂದೆ ನಿಂತಿದ್ದವರು ದಾರಿ ಬಿಟ್ಟರು. ಯಾರೂ ಮುಟ್ಟಲಿಲ್ಲ.

ಮೂರು ಮೆಟ್ಟಿಲ ಮೇಲಿನಿಂದ ಗಲಗಲಿ ಕರೆದ. "ಹಿಂಗೂ ಆಡಲಿಕ್ಕೆ ಬರತದ ಅಂತ ನನಗ ಗೊತ್ತಿರಲಿಲ್ಲೋ. ಬಾ, ಚಾ ತರಸ್ತೀನಿ."

ಬಂಡೆಪ್ಪ ಯಂತ್ರ ಒರೆಸುವ ಬಟ್ಟೆ ಅಲ್ಲೇ ಬಿಟ್ಟು ಗೇಟು ದಾಟಿದ. ಮತ್ತೆ ಆ ಕೆಲಸಕ್ಕೆ ಹೋಗಲಿಲ್ಲ. ಮಾರ್ಕೆಟಿನಲ್ಲಿ ಚೀಲ ಹೊತ್ತ. ಗುರುಬಾಯಿ ಬಿಲ್ಡಿಂಗುಗಳಲ್ಲಿ ಪಾತ್ರೆ ತಿಕ್ಕಿದಳು. ಚಾಳಿನ ನಳದಲ್ಲಿ ಅವಳ ಕೊಡವನ್ನು ಕಾಲಿನಿಂದ ಹಿಂದಕ್ಕೆ ದೂಡುತ್ತಿದ್ದರು. ಒಂದು ದಿನ ಖಾಲಿ ಕೊಡವನ್ನು ಅವನ ಮುಂದೆ ಕುಕ್ಕಿ ಕೇಳಿದಳು.

"ರೀ, ನನಗಾರ ಖರೇ ಹೇಳ್ರಿ. ಹೇಳೀರೇನು ಇಲ್ಲೋ?"

ಎಲ್ಲ ಹೇಳಿದ. ಅವಳು ಕೊಡ ಎತ್ತಿ ಮೂಲೆಗಿಟ್ಟಳು. "ಮತ್ತ ಈ ಬಾಯಿ ನಾಕ್ ಮಂದಿ ಮುಂದ ಬಿಡಾಕ ಏನಾಗೈತಿ?"

"ನಾ ಒದರಿದ್ರ ಯಾರೂ ನಂಬೂದಿಲ್ಲ, ಶೆಟ್ಟೆಪ್ಪ ಮಾತ್ರ ಉಷಾರ್ ಆಗ್ತಾನ. ಸಾಯಬಣ್ಣ ಸಿಕ್ಕಿಲ್ಲ ಇನ್ನಾ. ಹೊರಗ ಅದಾನ. ಇರ್ಲಿ."

ಸಾಯಬಣ್ಣ ಸಿಗಲಿಲ್ಲ. ಹದಿಮೂರು ತಿಂಗಳು ಎಲ್ಲಿದ್ದನೋ. ಎಪ್ಪತ್ತೇಳರ ಮಾರ್ಚಿನಲ್ಲಿ ಎಮರ್ಜನ್ಸಿ ತೆಗೆದಾಗ ಬಂದ. ಕಾರ್ಖಾನೆಯ ಗೇಟಿನ ಮುಂದೆ ಹಾಡುಹಗಲಲ್ಲಿ ಸಭೆ. ಕೈಗಾಡಿಯೊಂದು ವೇದಿಕೆ. ಬಂಡೆಪ್ಪ, ಗುರುಬಾಯಿ ರಸ್ತೆಯ ಆಚೆ ಇರಾಣಿ ಹೋಟೆಲಿನ ನೆರಳಲ್ಲಿ ನಿಂತಿದ್ದರು. ಸಾಯಬಣ್ಣ ಬಡಕಲಾಗಿದ್ದ, ಗಂಟಲು ಮಾತ್ರ ಅದೇ. ಎರಡು ಕಾಲಿನ ಮೇಲೆ ನೆಟ್ಟಗೆ ನಿಂತಿದ್ದ. ಬಂಡೆಪ್ಪ ಮೊದಲು ನೋಡಿದ್ದೇ ಆ ಕಾಲುಗಳನ್ನು. ಮಾಲೆ ಹಾಕಿದವನು ಶೆಟ್ಟೆಪ್ಪ. ಹಾಕಿದ ಮೇಲೂ ಅವನ ಕೈ ಸಾಯಬಣ್ಣನ ಹೆಗಲ ಮೇಲೇ ಇತ್ತು. ಹೊಸ ಕಮಿಟಿಗೆ ಅವನೇ ಖಜಾಂಚಿ, ಸಾಯಬಣ್ಣ ಅವನ ಖೋಲಿಯಲ್ಲೇ ಇರುತ್ತಾನೆ ಎಂದು ಸಾರಿದರು.

ಬಂಡೆಪ್ಪ ನೆರಳಿನಿಂದ ಇಳಿದ.

"ಎಲ್ಲಿಗ್ರಿ?" ಗುರುಬಾಯಿ ತೋಳು ಹಿಡಿದಳು. "ಕೊಲ್ತಾರ್ರಿ."

"ಬಿಡು."

ರಸ್ತೆ ದಾಟಿದ. ಮೊದಲು ನೋಡಿದವನು ಪಕ್ಕದವನನ್ನು ತಿವಿದ, ಅವನು ಇನ್ನೊಬ್ಬನನ್ನು. ಜನ ಸರಿದು ಅವನಿಗೆ ದಾರಿ ಮಾಡಿದರು, ಅವನು ಹಾದ ಮೇಲೆ ಹಿಂದಿನಿಂದ ಮುಚ್ಚಿಕೊಂಡರು. ಗಾಡಿಯ ಹತ್ತಿರ ಬರುವಷ್ಟರಲ್ಲಿ ಗದ್ದಲ ಪೂರ್ತಿ ನಿಂತಿತ್ತು.

"ಬಂದಾ ನೋಡು ಮುಕದಮ!" ಯಾರೋ ಒದರಿದರು.

ಬಂಡೆಪ್ಪ ಸಾಯಬಣ್ಣನನ್ನೊಬ್ಬನನ್ನೇ ನೋಡಿ ಹೇಳಿದ. "ಒಂದ ಮಾತ ಕೇಳ್ತೀನಿ. ಅವತ್ತ ನಿನ್ನ ಬೆನ್ನ ಹಿಂದ ಕಿಡಿಕ್ಯಾಗ ನಿಂತು, ಎಲ್ಲಿ ಸಿಗತಿ ಹೇಳು ಅಂತ ಒದರಿದವ ಯಾರು?"

ಒಂದು ಗಳಿಗೆ ಯಾರಿಗೂ ತಿಳಿಯಲಿಲ್ಲ. ಆಮೇಲೆ ಶೆಟ್ಟೆಪ್ಪ ನಕ್ಕ. ಅವನು ನಕ್ಕದ್ದನ್ನು ನೋಡಿ ಮುಂದಿನ ಸಾಲು ನಕ್ಕಿತು, ಆಮೇಲೆ ಇಡೀ ಗೇಟು. ಯಾರೋ ಬಂಡೆಪ್ಪನ ಟೋಪಿ ಹಾರಿಸಿದರು, ಇನ್ಯಾರೋ ಕುತ್ತಿಗೆಗೆ ಕೈ ಹಾಕಿ ಹಿಂದಕ್ಕೆ ಜಗ್ಗಿದರು. ಜಗ್ಗಿಸಿಕೊಳ್ಳುತ್ತಲೇ ಬಂಡೆಪ್ಪ ಗಾಡಿಯ ಕಡೆ ನೋಡಿದ.

ಸಾಯಬಣ್ಣ ನಗುತ್ತಿರಲಿಲ್ಲ. ಅವನ ಮುಖದ ರಕ್ತ ಇಳಿದಿತ್ತು. ಹೆಗಲ ಮೇಲಿನ ಕೈಯನ್ನು ಅವನು ತಿರುಗಿ ನೋಡಿದ. ಆ ಕೈ ಅಲ್ಲಿಂದ ಕದಲಲಿಲ್ಲ, ಇನ್ನಷ್ಟು ಬಿಗಿಯಿತು.